ಬಿಪಿ ನಾರ್ಮಲ್ ಇದೆ, ಆದರೂ ಇನ್ನೊಂದು ಮಾತ್ರೆ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಾವು ಡೊಂಬಿವಲಿಯವರು. ನಮ್ಮ ಯಜಮಾನರಿಗೆ 58 ವರ್ಷ. ಫೋರ್ಟ್‌ನಲ್ಲಿ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಶುಗರ್ ಬಂದು 14 ವರ್ಷ ಆಯಿತು. ಬಿಪಿಗೆ ಟೆಲ್ಮಿಸಾರ್ಟನ್ 80 ತೆಗೆದುಕೊಳ್ಳುತ್ತಾರೆ, ಈಗ 126/78 ಇದೆ. ಕ್ರಿಯಾಟಿನಿನ್ 1.5, ಪೊಟ್ಯಾಷಿಯಂ 4.6, ಮೂತ್ರದ ಎಸಿಆರ್ 420. ಎಕೋದಲ್ಲಿ ಪಂಪಿಂಗ್ 60 ಪರ್ಸೆಂಟ್, ಚೆನ್ನಾಗಿದೆ ಅಂದರು. ಆದರೆ ಹೃದಯದ ಗೋಡೆ ದಪ್ಪ ಆಗಿದೆ, ಸರಿಯಾಗಿ ಸಡಿಲ ಆಗುತ್ತಿಲ್ಲ ಅಂತಲೂ ಬರೆದಿದ್ದಾರೆ. ಈಗ ಕಿಡ್ನಿ ಡಾಕ್ಟರು ಫಿನೆರೆನೋನ್ 10 ಕೊಟ್ಟಿದ್ದಾರೆ. "ಹಾರ್ಮೋನಿನಿಂದ ಒಳಗೆ ಕಲೆ ಬೀಳುತ್ತಿದೆ, ಅದಕ್ಕೆ" ಅಂದರು. ಮೆಡಿಕಲ್‌ನವನು ಇದೂ ಬಿಪಿ ಮಾತ್ರೆಯ ಜಾತಿಯದ್ದೇ ಅಂದ. ಬಿಪಿ ಸರಿ ಇರುವಾಗ ಇದು ಬೇಕಾ? ಬಿದ್ದ ಕಲೆ ಹೋಗುತ್ತದಾ? ಕಾರ್ಕಳದಿಂದ ನಾದಿನಿ ದಿನಾ ಎಳನೀರು ಕೊಡಿ, ಕಿಡ್ನಿ ಸ್ವಚ್ಛ ಆಗುತ್ತದೆ ಅನ್ನುತ್ತಾಳೆ. ಇನ್ನೊಂದು ವಿಷಯ. ಮಗನಿಗೆ 31ಕ್ಕೇ ಬಿಪಿ 150/96. ಅವನ ರಿಪೋರ್ಟಿನಲ್ಲಿ ಪೊಟ್ಯಾಷಿಯಂ 3.2 ಅಂತ ದಪ್ಪ ಅಕ್ಷರದಲ್ಲಿದೆ. ಅವನಿಗೂ ಅಪ್ಪನ ಹಾಗೇ ಆಗುತ್ತದಾ?

ಉತ್ತರ: ಅಮ್ಮಾ, ನಿಮಗೆ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಕಾಣಿಸಿದರೆ ಆಶ್ಚರ್ಯವಿಲ್ಲ. ಮೆಡಿಕಲ್‌ನವರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಫಿನೆರೆನೋನ್ ಬಿಪಿಯನ್ನೂ ಇಳಿಸುತ್ತದೆ. ಆದರೆ ಎಷ್ಟು? ಮೇಲಿನ ಅಂಕಿ ಎರಡು-ಮೂರು ಪಾಯಿಂಟ್ ಇಳಿದರೆ ಹೆಚ್ಚು. ಅಷ್ಟಕ್ಕೋಸ್ಕರ ಯಾರೂ ಈ ದುಬಾರಿ ಮಾತ್ರೆ ಬರೆಯುವುದಿಲ್ಲ. ನಿಮ್ಮ ಡಾಕ್ಟರ ಕಣ್ಣು ಬಿದ್ದಿರುವುದು ಮೂತ್ರದ ಆ 420ರ ಮೇಲೆ. ಮೂತ್ರದಲ್ಲಿ ಎಷ್ಟು ಪ್ರೋಟೀನ್ ಸೋರುತ್ತಿದೆ ಅಂತ ಹೇಳುವ ಅಂಕಿ ಅದು. 30ರ ಒಳಗೆ ಇರಬೇಕು. 300 ದಾಟಿತು ಅಂದರೆ ಸೋಸುವ ಭಾಗಕ್ಕೆ ಸಾಕಷ್ಟು ಪೆಟ್ಟು ಬಿದ್ದಿದೆ ಅಂತ ಅರ್ಥ. ಕ್ರಿಯಾಟಿನಿನ್ ಬರೀ 1.5 ಅಲ್ವಾ ಅಂತ ಅನ್ನಿಸಬಹುದು. 58 ವರ್ಷದ ಗಂಡಸಿಗೆ 1.5 ಅಂದರೆ ಕಿಡ್ನಿ ಸೋಸುವ ವೇಗ ಹೆಚ್ಚುಕಡಿಮೆ 53. ಕ್ರಿಯಾಟಿನಿನ್ ಬಹಳ ಸೋಮಾರಿ ಅಂಕಿ. ಅರ್ಧದಷ್ಟು ಕೆಲಸ ಹೋಗುವವರೆಗೆ ಅದು ಅಲುಗಾಡುವುದೇ ಕಡಿಮೆ.

ಇನ್ನು ಹಾರ್ಮೋನಿನ ವಿಷಯ. ಇಲ್ಲಿ ಇಬ್ಬರು ಇದ್ದಾರೆ: ಆಂಜಿಯೋಟೆನ್ಸಿನ್ ಮತ್ತು ಆಲ್ಡೋಸ್ಟೆರಾನ್. ಮೈಯಲ್ಲಿ ಉಪ್ಪು-ನೀರು ಕಡಿಮೆಯಾಗಿದೆ ಅಂತ ಕಿಡ್ನಿಗೆ ಅನ್ನಿಸಿದರೆ ಅದು ರೆನಿನ್ ಅನ್ನುವ ಪದಾರ್ಥ ಬಿಡುತ್ತದೆ. 1898ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಟೀಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಮೊಲದ ಕಿಡ್ನಿಯಿಂದ ಇದನ್ನು ಮೊದಲು ಕಂಡುಹಿಡಿದರು. ರೆನಿನ್, ಲಿವರ್‌ನಿಂದ ಬಂದ ಒಂದು ಪ್ರೋಟೀನನ್ನು ತುಂಡು ಮಾಡುತ್ತದೆ. ಆ ತುಂಡು ಇನ್ನೊಂದು ಸಲ ಕತ್ತರಿಸಿಕೊಂಡು ಆಂಜಿಯೋಟೆನ್ಸಿನ್ ಆಗುತ್ತದೆ. ಇದು ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ಜೊತೆಗೆ ಕಿಡ್ನಿಯ ತಲೆಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಹೇಳಿ ಆಲ್ಡೋಸ್ಟೆರಾನ್ ಬಿಡಿಸುತ್ತದೆ. ಆಲ್ಡೋಸ್ಟೆರಾನ್ ಕಿಡ್ನಿಗೆ ಹೇಳುವುದು ಇಷ್ಟೇ: ಉಪ್ಪು ಹಿಡಿದುಕೋ, ಪೊಟ್ಯಾಷಿಯಂ ಹೊರಗೆ ಹಾಕು. ರಕ್ತ ಸೋರಿದಾಗ, ವಾಂತಿ-ಭೇದಿ ಆದಾಗ, ಉಪ್ಪೇ ಸಿಗದ ಕಾಡಿನಲ್ಲಿ ನಮ್ಮ ಹಿಂದಿನವರು ಬದುಕಿದ್ದು ಈ ಇಬ್ಬರ ದಯೆಯಿಂದ. ಹಾಗಾಗಿ ಇವರು ಮೂಲತಃ ಕೆಟ್ಟವರಲ್ಲ. ತೊಂದರೆ ಬರುವುದು ಇವರು ಹಗಲೂ ರಾತ್ರಿ, ವರ್ಷಗಟ್ಟಲೆ ಡ್ಯೂಟಿ ಮಾಡಿದಾಗ.

ಶುಗರ್ ಇರುವವರ ಕಿಡ್ನಿಯಲ್ಲಿ ಆಗುವುದು ಇದೇ. ರಕ್ತ ಪರೀಕ್ಷೆಯಲ್ಲಿ ರೆನಿನ್ ಕಡಿಮೆ ಇರಬಹುದು, ಆದರೆ ಕಿಡ್ನಿಯ ಒಳಗೆ ಸ್ಥಳೀಯವಾಗಿ ಆಂಜಿಯೋಟೆನ್ಸಿನ್ ಜೋರಾಗಿರುತ್ತದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುವ ಘಟಕಗಳು. ಪ್ರತಿಯೊಂದಕ್ಕೂ ರಕ್ತ ಒಳಗೆ ಬರುವ ಒಂದು ಸಣ್ಣ ನಾಳ, ಹೊರಗೆ ಹೋಗುವ ಒಂದು ಸಣ್ಣ ನಾಳ. ಆಂಜಿಯೋಟೆನ್ಸಿನ್ ಹೊರಗೆ ಹೋಗುವ ನಾಳವನ್ನು ಜಾಸ್ತಿ ಹಿಸುಕುತ್ತದೆ. ಆಗ ಮಧ್ಯದ ಆ ಸೂಕ್ಷ್ಮ ನಾಳಗಳ ಗುಚ್ಛದಲ್ಲಿ ಒತ್ತಡ ಏರುತ್ತದೆ. ತೋಳಿಗೆ ಪಟ್ಟಿ ಸುತ್ತಿ ಅಳೆದರೆ ಈ ಒತ್ತಡ ಗೊತ್ತಾಗುವುದಿಲ್ಲ. ತೋಳಿನಲ್ಲಿ 126/78 ಇದ್ದರೂ ಕಿಡ್ನಿಯ ಒಳಗೆ ಬಿಪಿ ಜಾಸ್ತಿ ಇರಬಹುದು. ಪ್ರೋಟೀನ್ ಸೋರುವುದಕ್ಕೆ ಇದು ಒಂದು ಕಾರಣ. ಟೆಲ್ಮಿಸಾರ್ಟನ್ ಈ ಹಿಸುಕುವಿಕೆಯನ್ನು ಸಡಿಲ ಮಾಡುತ್ತದೆ, ಅದಕ್ಕೇ ಆ ಮಾತ್ರೆಯನ್ನು ಯಾವ ಕಾರಣಕ್ಕೂ ಸುಮ್ನೆ ಬಿಡಬೇಡಿ.

ಒತ್ತಡದ ಕಥೆ ಅರ್ಧ ಮಾತ್ರ. ಉಳಿದರ್ಧವೇ ನಿಮ್ಮ ಡಾಕ್ಟರು ಹೇಳಿದ ಕಲೆ. ಅಂಗಾಂಗಗಳ ಸಂದುಗಳಲ್ಲಿ ಫೈಬ್ರೋಬ್ಲಾಸ್ಟ್ ಅನ್ನುವ ಕೋಶಗಳು ಸುಮ್ಮನೆ ಕೂತಿರುತ್ತವೆ. ಕೈ ಕೊಯ್ದುಕೊಂಡಾಗ ಗಾಯ ಮುಚ್ಚುವ ನಾರು, ಅಂದರೆ ಕೊಲಾಜೆನ್, ನೇಯುವವರು ಇವರೇ. ಗಾಯ ಮಾಗಿದ ಮೇಲೆ ಕೆಲಸ ನಿಲ್ಲಿಸಬೇಕು. ಆಂಜಿಯೋಟೆನ್ಸಿನ್ ಮತ್ತು ಆಲ್ಡೋಸ್ಟೆರಾನ್ ಇವರಿಗೆ "ಗಾಯ ಇನ್ನೂ ಇದೆ, ಮುಂದುವರಿಸಿ" ಅಂತ ಸಂದೇಶ ಕೊಡುತ್ತಲೇ ಇರುತ್ತವೆ. ನಮ್ಮ ಹೌಸಿಂಗ್ ಸೊಸೈಟಿಗಳಲ್ಲಿ ಬಿರುಕು ಮುಚ್ಚಲು ಬಂದ ಪ್ಲಾಸ್ಟರ್‌ನವರು ಬಿರುಕು ಮುಗಿದ ಮೇಲೂ ಕಿಟಕಿ, ಬಾಗಿಲು, ಪೈಪು ಎಲ್ಲದರ ಮೇಲೂ ಸಿಮೆಂಟ್ ಮೆತ್ತುತ್ತಾ ಹೋದರೆ ಹೇಗಿರುತ್ತದೆ? ಕಟ್ಟಡ ನಿಂತಿರುತ್ತದೆ, ಆದರೆ ಒಳಗೆ ಯಾರೂ ಬಾಳುವ ಹಾಗಿಲ್ಲ. ಆಂಜಿಯೋಟೆನ್ಸಿನ್ ಟಿಜಿಎಫ್-ಬೀಟಾ ಅನ್ನುವ ಇನ್ನೊಂದು ಸಂಕೇತವನ್ನು ಎಬ್ಬಿಸುತ್ತದೆ. ಅದು ಬಂದರೆ ಫೈಬ್ರೋಬ್ಲಾಸ್ಟ್‌ಗಳ ಸ್ವಭಾವವೇ ಬದಲಾಗುತ್ತದೆ. ನಾರು ನೇಯುವುದರ ಜೊತೆಗೆ ಸುತ್ತಲಿನ ಅಂಗಾಂಶವನ್ನು ಸ್ನಾಯುವಿನ ಹಾಗೆ ಎಳೆದು ಬಿಗಿ ಮಾಡುತ್ತವೆ.

ಆಲ್ಡೋಸ್ಟೆರಾನ್ ದಾರಿ ಬೇರೆ. ಅದು ಕೋಶದ ಒಳಕ್ಕೇ ನುಗ್ಗುತ್ತದೆ. ಅಲ್ಲಿ ತನಗಾಗಿ ಇರುವ ರಿಸೆಪ್ಟರ್, ಅಂದರೆ ಹಾರ್ಮೋನ್ ಬಂದು ಕೂರುವ ಪ್ರೋಟೀನನ್ನು ಹಿಡಿದು, ಜೀನ್‌ಗಳವರೆಗೆ ಹೋಗಿ, ಯಾವುದು ಚಾಲೂ ಆಗಬೇಕು ಅಂತ ತೀರ್ಮಾನ ಮಾಡುತ್ತದೆ. ಈ ರಿಸೆಪ್ಟರ್ ಕಿಡ್ನಿಯ ಉಪ್ಪು ಹೀರುವ ಕೊಳವೆಗಳಲ್ಲಿ ಮಾತ್ರ ಇದೆ ಅಂತ ಬಹಳ ಕಾಲ ನಂಬಿದ್ದರು. ಆಮೇಲೆ ನೋಡಿದರೆ ಹೃದಯದ ಸ್ನಾಯುವಿನಲ್ಲಿ, ರಕ್ತನಾಳದ ಒಳಪದರದಲ್ಲಿ, ಫೈಬ್ರೋಬ್ಲಾಸ್ಟ್‌ಗಳಲ್ಲಿ, ಬಿಳಿ ರಕ್ತಕಣಗಳ ಜಾತಿಯ ಮ್ಯಾಕ್ರೋಫೇಜ್‌ಗಳಲ್ಲಿ, ಎಲ್ಲ ಕಡೆ ಇದೆ. ಅಲ್ಲೆಲ್ಲ ಇದು ಉರಿಯೂತ ಎಬ್ಬಿಸುತ್ತದೆ, ಕೊಲಾಜೆನ್ ಮಾಡಿಸುತ್ತದೆ. ಹಳೇ ಕೊಲಾಜೆನ್ ಕರಗದ ಹಾಗೆ ತಡೆಯುವ ಪಿಎಐ-1 ಅನ್ನುವ ಪ್ರೋಟೀನನ್ನೂ ಜಾಸ್ತಿ ಮಾಡುತ್ತದೆ. ಅಂದರೆ ಬರುವುದು ಹೆಚ್ಚು, ಹೋಗುವುದು ಕಡಿಮೆ. ಫಿನೆರೆನೋನ್ ಕೂರುವುದು ಈ ರಿಸೆಪ್ಟರ್ ಮೇಲೆಯೇ, ಹಾರ್ಮೋನ್ ಬಂದು ಕೂರದ ಹಾಗೆ.

ಇಲ್ಲಿ ಒಂದು ಅಡ್ಡಮಾತು. ಇದೇ ರಿಸೆಪ್ಟರನ್ನು ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನೂ ಹಿಡಿಯಬಲ್ಲದು. ರಕ್ತದಲ್ಲಿ ಅದು ಆಲ್ಡೋಸ್ಟೆರಾನ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಕಿಡ್ನಿಯ ಕೊಳವೆಯಲ್ಲಿ ಒಂದು ಕಿಣ್ವ ಬಾಗಿಲು ಕಾಯುತ್ತಾ ಕಾರ್ಟಿಸಾಲನ್ನು ಒಳಗೆ ಬಿಡುವುದಿಲ್ಲ. ಜ್ಯೇಷ್ಠಮಧು ಆ ಕಾವಲುಗಾರನನ್ನೇ ಮಲಗಿಸುತ್ತದೆ. ಕೆಮ್ಮಿಗೆ, ಗಂಟಲಿಗೆ ಅಂತ ದಿನಾ ಜ್ಯೇಷ್ಠಮಧು ಅಗಿಯುವವರಿಗೆ ಬಿಪಿ ಏರಿ ಪೊಟ್ಯಾಷಿಯಂ ಇಳಿಯುವುದು ಇದಕ್ಕೇ. ಎರಡು ದಿನ ಕಷಾಯ ಕುಡಿದರೆ ಏನೂ ಆಗಲಿಕ್ಕಿಲ್ಲ. ತಿಂಗಳುಗಟ್ಟಲೆ ಬೇಡ. ಮನೆಮದ್ದಿನ ಪಟ್ಟಿಯನ್ನೂ ಡಾಕ್ಟರಿಗೆ ಹೇಳಿ.

ಕಲೆ ಅಂದರೆ ಹೇಗಿರುತ್ತದೆ ಅಂತ ಜನ ಕೇಳುತ್ತಾರೆ. ಕಿಡ್ನಿ ಬಯಾಪ್ಸಿ ಮಾಡಿದಾಗ ಬರುವುದು ದಾರದ ತುಂಡಿನಷ್ಟು ಮಾಂಸ. ಅದನ್ನು ತೆಳ್ಳಗೆ ಹೆಚ್ಚಿ ಟ್ರೈಕ್ರೋಮ್ ಅನ್ನುವ ಬಣ್ಣ ಹಾಕುತ್ತಾರೆ. ಕೋಶಗಳು ಕೆಂಪಾಗುತ್ತವೆ, ಕೊಲಾಜೆನ್ ನೀಲಿಯಾಗುತ್ತದೆ. ಒಳ್ಳೆಯ ಕಿಡ್ನಿಯಲ್ಲಿ ಕೊಳವೆಗಳು ಬೆನ್ನಿಗೆ ಬೆನ್ನು ಅಂಟಿಕೊಂಡು ನಿಂತಿರುತ್ತವೆ, ನಡುವೆ ಜಾಗವೇ ಕಾಣದು. ನೀಲಿ ಕೂದಲೆಳೆಯಷ್ಟು. ಕಲೆ ಬಿದ್ದ ಕಿಡ್ನಿಯಲ್ಲಿ ಆ ನೀಲಿ ಅಗಲವಾಗಿ ಹರಡಿ ಕೊಳವೆಗಳನ್ನು ದೂರ ತಳ್ಳಿರುತ್ತದೆ. ಕೊಳವೆಗಳು ಸೊರಗಿ ಸಣ್ಣಗಾಗಿರುತ್ತವೆ. ಕೆಲವು ಸೋಸುವ ಗುಚ್ಛಗಳು ಪೂರ್ತಿ ನೀಲಿ ಉಂಡೆಯಾಗಿ ಮುಚ್ಚಿಹೋಗಿರುತ್ತವೆ. ರಿಪೋರ್ಟಿನ ಕೆಳಗೆ "ಐಎಫ್‌ಟಿಎ 25 ಪರ್ಸೆಂಟ್" ಅಂತ ಒಂದು ಸಾಲು ಇರುತ್ತದೆ, ಅಂದರೆ ಸಂದುಗಳಲ್ಲಿ ಕಲೆ ಬಿದ್ದು ಕೊಳವೆ ಸೊರಗಿದ ಭಾಗ ಕಾಲು ಪಾಲು. ರೋಗಿಗಳು ಯಾರೂ ಅದನ್ನು ಓದುವುದಿಲ್ಲ, ನಾವು ಮೊದಲು ಓದುವುದೇ ಅದನ್ನು. ಕಿಡ್ನಿಯ ಮುಂದಿನ ದಾರಿ ಸೋಸುವ ಗುಚ್ಛದ ಸ್ಥಿತಿಗಿಂತ ಸಂದುಗಳ ಈ ಕಲೆಯ ಮೇಲೆ ಜಾಸ್ತಿ ನಿಂತಿದೆ ಅಂತ ಲಂಡನ್‌ನವರು 1968ರಲ್ಲೇ ತೋರಿಸಿದ್ದಾರೆ. ನಿಮ್ಮ ಯಜಮಾನರಿಗೆ ಬಯಾಪ್ಸಿ ಹೇಳಿಲ್ಲ ಅಂತ ಗಾಬರಿ ಬೇಡ. ಹಳೇ ಶುಗರ್ ಇದ್ದು, ಬೇರೆ ಅನುಮಾನ ಇಲ್ಲದಿದ್ದರೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ.

ಈಗ ನಿಮ್ಮ ಮೂಲ ಪ್ರಶ್ನೆ. ಬಿಪಿ ಸರಿ ಇದ್ದರೂ ಹಾರ್ಮೋನ್ ಹಾಳು ಮಾಡುತ್ತದೆ ಅನ್ನುವುದಕ್ಕೆ ಸಾಕ್ಷಿ ಏನು? ನನಗೆ ತುಂಬ ಇಷ್ಟವಾದ ಸಾಕ್ಷಿ 1990ರ ಇಲಿಗಳ ಪ್ರಯೋಗ. ಅಮೆರಿಕದಲ್ಲಿ ಬ್ರಿಲ್ಲಾ, ವೆಬರ್ ಮತ್ತು ಜೊತೆಗಾರರು ಮಾಡಿದ್ದು. ಒಂದಷ್ಟು ಇಲಿಗಳಿಗೆ ಆಲ್ಡೋಸ್ಟೆರಾನ್ ಮತ್ತು ಉಪ್ಪು ಕೊಟ್ಟು ಬಿಪಿ ಏರಿಸಿದರು. ಇನ್ನೊಂದಷ್ಟಕ್ಕೆ ಹೊಟ್ಟೆಯ ದೊಡ್ಡ ರಕ್ತನಾಳವನ್ನು ಕಿಡ್ನಿಗಿಂತ ಕೆಳಗೆ ಬಿಗಿದು, ಹಾರ್ಮೋನ್ ಏರದ ಹಾಗೆ ಬಿಪಿ ಮಾತ್ರ ಏರಿಸಿದರು. ಎರಡೂ ಗುಂಪಿನಲ್ಲಿ ಹೃದಯದ ಎಡಗಡೆ ದಪ್ಪ ಆಯಿತು. ಆದರೆ ಕಲೆ ಬಿದ್ದದ್ದು ಹಾರ್ಮೋನ್ ಗುಂಪಿನಲ್ಲಿ ಮಾತ್ರ. ಅದಕ್ಕಿಂತ ಮಜಾ ಏನೆಂದರೆ, ಕಲೆ ಹೃದಯದ ಬಲಗಡೆಯೂ ಬಿತ್ತು. ಬಲಗಡೆ ರಕ್ತ ತಳ್ಳುವುದು ಶ್ವಾಸಕೋಶಕ್ಕೆ. ಅಲ್ಲಿಗೆ ತೋಳಿನ ಬಿಪಿಯ ಬಿಸಿ ತಟ್ಟುವುದೇ ಇಲ್ಲ. ಒತ್ತಡವೇ ಕಾರಣ ಆಗಿದ್ದರೆ ಬಲಗಡೆ ಕಲೆ ಯಾಕೆ ಬೀಳಬೇಕು? ಮುಂದೆ ಇದೇ ತಂಡ ಸ್ಪೈರೊನೊಲ್ಯಾಕ್ಟೋನ್, ಅಂದರೆ ಆಲ್ಡೋಸ್ಟೆರಾನ್ ರಿಸೆಪ್ಟರನ್ನು ತಡೆಯುವ ಹಳೇ ಮಾತ್ರೆಯನ್ನು, ಬಿಪಿ ಇಳಿಸದಷ್ಟು ಕಡಿಮೆ ಡೋಸಿನಲ್ಲಿ ಕೊಟ್ಟು ನೋಡಿತು. ಬಿಪಿ ಏರಿದ್ದಲ್ಲೇ ಇತ್ತು, ಕಲೆ ಮಾತ್ರ ಬೀಳಲಿಲ್ಲ.

ಇಲಿಗಳದ್ದು ಇಲಿಗಳಿಗೆ, ಮನುಷ್ಯರ ಮಾತು ಹೇಳಿ ಅನ್ನುತ್ತೀರಿ. 1999ರಲ್ಲಿ ರೇಲ್ಸ್ ಅನ್ನುವ ಅಧ್ಯಯನ ಬಂತು. ಹೃದಯ ತೀರಾ ಸೋತಿದ್ದ 1663 ಜನ. ಅರ್ಧ ಜನಕ್ಕೆ ಇದೇ ಸ್ಪೈರೊನೊಲ್ಯಾಕ್ಟೋನ್, ಹೆಚ್ಚಿನವರಿಗೆ ದಿನಕ್ಕೆ 25 ಮಿಲಿಗ್ರಾಂನಷ್ಟೇ. ಸಾವು 30 ಪರ್ಸೆಂಟ್ ಕಡಿಮೆ ಆಯಿತು. ಬಿಪಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಕೆಲವರ ರಕ್ತದಲ್ಲಿ ಕೊಲಾಜೆನ್ ತಯಾರಾಗುವಾಗ ಉದುರುವ ಚೂರುಗಳನ್ನು ಅಳೆದರು, ಮಾತ್ರೆ ತಿಂದವರಲ್ಲಿ ಅವು ಇಳಿದಿದ್ದವು. ಒಂದು ಕಿರಿಕಿರಿ ಇತ್ತು. ಆ ಮಾತ್ರೆ ಗಂಡಸರ ಹಾರ್ಮೋನಿನ ರಿಸೆಪ್ಟರನ್ನೂ ತಡೆಯುತ್ತದೆ, ಹಾಗಾಗಿ ಗಂಡಸರಲ್ಲಿ ಹತ್ತಕ್ಕೊಬ್ಬರಿಗೆ ಎದೆ ಊದಿ ನೋವು ಬಂತು. ನಾಚಿಕೆಗೆ ಯಾರಿಗೂ ಹೇಳದೆ ಮಾತ್ರೆ ಬಿಡುವವರನ್ನು ಈಗಲೂ ನೋಡುತ್ತೇನೆ. ಫಿನೆರೆನೋನ್‌ನ ರಚನೆ ಬೇರೆ, ಆ ತೊಂದರೆ ಅದರಲ್ಲಿ ಇಲ್ಲ ಅನ್ನಬಹುದು. ನಿಮ್ಮ ಯಜಮಾನರಂಥವರ ಮೇಲೇ ಅದನ್ನು ಪರೀಕ್ಷೆ ಮಾಡಿದ್ದಾರೆ: ಶುಗರ್ ಇದೆ, ಮೂತ್ರದಲ್ಲಿ ಪ್ರೋಟೀನ್ ಇದೆ, ಟೆಲ್ಮಿಸಾರ್ಟನ್ ಜಾತಿಯ ಮಾತ್ರೆ ಆಗಲೇ ಪೂರ್ತಿ ಡೋಸಿನಲ್ಲಿದೆ. 2020ರಲ್ಲಿ ಬಂದ ಆ ಅಧ್ಯಯನದಲ್ಲಿ ಸುಮಾರು ಎರಡೂವರೆ ವರ್ಷ ನೋಡಿದಾಗ, ಕಿಡ್ನಿ ಪೂರ್ತಿ ಸೋಲುವುದು ಅಥವಾ ಬಹಳ ಕುಸಿಯುವುದು ಮದ್ದಿಲ್ಲದ ಸಾದಾ ಗುಳಿಗೆಯವರಲ್ಲಿ ನೂರಕ್ಕೆ 21, ಫಿನೆರೆನೋನ್‌ನವರಲ್ಲಿ ನೂರಕ್ಕೆ 18 ಆಯಿತು. ಪವಾಡವೇನಲ್ಲ ನೋಡಿ. ನೂರು ಜನ ತಿಂದರೆ ಮೂರು ಜನಕ್ಕೆ ಆ ಗತಿ ತಪ್ಪುತ್ತದೆ. ನನ್ನ ಲೆಕ್ಕದಲ್ಲಿ ಅದು ತಿನ್ನುವಷ್ಟು ದೊಡ್ಡದು. ದುಡ್ಡಿನ ಕಷ್ಟ ಇದ್ದರೆ ಮುಚ್ಚುಮರೆ ಇಲ್ಲದೆ ಡಾಕ್ಟರಿಗೆ ಹೇಳಿ, ಬೇರೆ ದಾರಿ ಯೋಚಿಸಬಹುದು.

ಟೆಲ್ಮಿಸಾರ್ಟನ್ ಆಗಲೇ ಇದೆಯಲ್ಲ, ಅದು ಆಲ್ಡೋಸ್ಟೆರಾನನ್ನೂ ಇಳಿಸಬೇಕಲ್ಲ ಅಂತ ಓದಿದವರು ಕೇಳುತ್ತಾರೆ. ಮೊದಮೊದಲು ಇಳಿಸುತ್ತದೆ. ಕೆಲವು ತಿಂಗಳಾದ ಮೇಲೆ ಒಂದಷ್ಟು ಜನರಲ್ಲಿ ಆಲ್ಡೋಸ್ಟೆರಾನ್ ಹಳೇ ಮಟ್ಟಕ್ಕೆ ಬಂದುಬಿಡುತ್ತದೆ, ಏಕೆಂದರೆ ಪೊಟ್ಯಾಷಿಯಂ ಕೂಡ ಅದನ್ನು ನೇರವಾಗಿ ಎಬ್ಬಿಸಬಲ್ಲದು. ಹಾಗಂತ ಟೆಲ್ಮಿಸಾರ್ಟನ್ ಜೊತೆ, ಆಂಜಿಯೋಟೆನ್ಸಿನ್ ತಯಾರಾಗುವುದನ್ನೇ ತಡೆಯುವ ರಾಮಿಪ್ರಿಲ್ ಸೇರಿಸಿದರೆ ಆಯಿತು ಅಂದುಕೊಳ್ಳಬೇಡಿ. 2008ರಲ್ಲಿ ಅದನ್ನು ದೊಡ್ಡದಾಗಿ ಮಾಡಿ ನೋಡಿದರು. ಲಾಭ ಹೆಚ್ಚಲಿಲ್ಲ, ಕಿಡ್ನಿಗೆ ತೊಂದರೆ ಹೆಚ್ಚಿತು.

ಈಗ ಉಪ್ಪು. ಇದನ್ನು ನಾನು ಮಾತ್ರೆಯಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಅದೇ ವೆಬರ್ ತಂಡ ಇಲಿಗಳಿಗೆ ಆಲ್ಡೋಸ್ಟೆರಾನ್ ಕೊಟ್ಟು ಉಪ್ಪು ಮಾತ್ರ ಕಡಿಮೆ ಮಾಡಿತು. ಕಲೆ ಬೀಳಲಿಲ್ಲ. ಮನುಷ್ಯರಲ್ಲೂ ಇದಕ್ಕೊಂದು ಉದಾಹರಣೆ ಇದೆ. ಅಮೆಜಾನ್ ಕಾಡಿನ ಯಾನೊಮಾಮಿ ಜನ ಉಪ್ಪೇ ಬಳಸದವರು. 1975ರಲ್ಲಿ ಅವರನ್ನು ಪರೀಕ್ಷೆ ಮಾಡಿದಾಗ ಆಲ್ಡೋಸ್ಟೆರಾನ್ ನಮ್ಮ ಲೆಕ್ಕದಲ್ಲಿ ಬಹಳ ಜಾಸ್ತಿ ಇತ್ತು. ಬಿಪಿ ಮಾತ್ರ ವಯಸ್ಸಾದವರಲ್ಲೂ ಏರಿರಲಿಲ್ಲ. ಹಾರ್ಮೋನ್ ಒಂದೇ ಇದ್ದರೆ ಇಷ್ಟು ಹಾಳಿಲ್ಲ. ಹಾರ್ಮೋನೂ ಜಾಸ್ತಿ, ಉಪ್ಪೂ ಜಾಸ್ತಿ ಆದರೆ ಕೆಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ. ಗಲ್ಲಾದಲ್ಲಿ ಕೂತವರ ಊಟ ನನಗೆ ಗೊತ್ತು. ಬೆಳಿಗ್ಗೆ ಹೋಟೆಲಿನ ಇಡ್ಲಿ-ಸಾಂಬಾರ್, ಮಧ್ಯಾಹ್ನ ಅಲ್ಲಿಯದೇ ಊಟ, ಕೊನೆಗೆ ಮೊಸರನ್ನಕ್ಕೆ ಉಪ್ಪಿನಕಾಯಿ, ಸಂಜೆ ಚಹಾದ ಜೊತೆ ಫರ್ಸಾಣ್, ರಾತ್ರಿ ಮನೆಗೆ ಬಂದ ಮೇಲೆ ಊರಿನಿಂದ ಬಂದ ಹಪ್ಪಳ. ಮನೆಯ ಸಾರಿನಲ್ಲಿ ನೀವು ಎಷ್ಟೇ ಕೈಹಿಡಿತ ಮಾಡಿದರೂ ಅರ್ಧ ಉಪ್ಪು ಹೊರಗಿನದೇ. ಮಧ್ಯಾಹ್ನಕ್ಕೆ ಡಬ್ಬಿ ಕಳಿಸಲು ಆಗುತ್ತದಾ ನೋಡಿ. ಒಣಮೀನು, ಉಪ್ಪಿನಕಾಯಿ ವಾರಕ್ಕೊಮ್ಮೆ ನಾಲಗೆಗೆ ತಾಗಿಸುವಷ್ಟು ಸಾಕು.

ಹೃದಯದ್ದು ಚಿಕ್ಕದಾಗಿ ಹೇಳುತ್ತೇನೆ. ಹಾರ್ಟ್ ಅಟ್ಯಾಕ್ ಆದ ಜಾಗದಲ್ಲಿ ಬೀಳುವ ಕಲೆ ಒಳ್ಳೆಯದೇ, ಅದಿಲ್ಲದಿದ್ದರೆ ಗೋಡೆ ಒಡೆದೀತು. ಇಲ್ಲಿ ಬೀಳುತ್ತಿರುವುದು ಬೇರೆ, ಸತ್ತ ಜಾಗವೇ ಇಲ್ಲದೆ ಸ್ನಾಯುಗಳ ನಡುವೆ ಹರಡುವ ಕಲೆ. ಹೃದಯ ಹಿಂಡುವುದನ್ನು ಇದು ತಕ್ಷಣ ಕೆಡಿಸುವುದಿಲ್ಲ, ಅದಕ್ಕೇ ಪಂಪಿಂಗ್ 60 ಪರ್ಸೆಂಟ್ ಇದೆ. ಕೆಡುವುದು ಸಡಿಲಾಗಿ ರಕ್ತ ತುಂಬಿಕೊಳ್ಳುವ ಕೆಲಸ. ತುಂಬಲು ಆಗದ ರಕ್ತ ಶ್ವಾಸಕೋಶದ ಕಡೆ ಹಿಂದೆ ಒತ್ತುತ್ತದೆ. ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ನಡುವೆ ನಿಲ್ಲುತ್ತಾರಾ, ಎರಡು ದಿಂಬು ಇಟ್ಟು ಮಲಗುತ್ತಾರಾ, ಸಂಜೆ ಸಾಕ್ಸ್ ಗುರುತು ಕಾಲಿನಲ್ಲಿ ಆಳವಾಗಿ ಉಳಿಯುತ್ತದಾ ಗಮನಿಸಿ. ಇದ್ದರೆ ಡಾಕ್ಟರಿಗೆ ಹೇಳಿ. ಇದೇ ಕಲೆ ಹೃದಯದ ವಿದ್ಯುತ್ ಹರಿಯುವ ದಾರಿಗೂ ಅಡ್ಡ ಬರುತ್ತದೆ, ಆಗ ನಾಡಿ ತಾಳ ತಪ್ಪುತ್ತದೆ.

ಮಾತ್ರೆಯ ಮುಖ್ಯ ಅಪಾಯ ಪೊಟ್ಯಾಷಿಯಂ. ಆಲ್ಡೋಸ್ಟೆರಾನನ್ನು ತಡೆದರೆ ಪೊಟ್ಯಾಷಿಯಂ ಹೊರಗೆ ಹೋಗುವುದು ಕಡಿಮೆ ಆಗುತ್ತದೆ. ಜಾಸ್ತಿ ಏರಿದರೆ ಹೃದಯವೇ ನಿಲ್ಲಬಹುದು. ರೇಲ್ಸ್ ಬಂದ ಮೇಲೆ ಕೆನಡಾದ ಒಂಟಾರಿಯೊದಲ್ಲಿ ಡಾಕ್ಟರುಗಳು ಮುಂದೆ ಹಿಂದೆ ನೋಡದೆ ಸ್ಪೈರೊನೊಲ್ಯಾಕ್ಟೋನ್ ಬರೆದರು. ಹಾರ್ಟ್ ಫೇಲ್ಯೂರ್ ಇರುವ ಹಿರಿಯರಲ್ಲಿ ಪೊಟ್ಯಾಷಿಯಂ ಏರಿ ಆಸ್ಪತ್ರೆ ಸೇರುವವರು 1994ರಲ್ಲಿ ಸಾವಿರಕ್ಕೆ 2.4 ಇದ್ದದ್ದು 2001ಕ್ಕೆ ಸಾವಿರಕ್ಕೆ 11 ಆಯಿತು. ಮದ್ದು ಒಳ್ಳೆಯದೇ ಇತ್ತು, ರಕ್ತ ಪರೀಕ್ಷೆ ಮಾಡಿಸುವವರಿರಲಿಲ್ಲ. ಹಾಗಾಗಿ ಫಿನೆರೆನೋನ್ ಶುರು ಮಾಡಿ ನಾಲ್ಕು ವಾರಕ್ಕೆ ಪೊಟ್ಯಾಷಿಯಂ, ಕ್ರಿಯಾಟಿನಿನ್ ಎರಡೂ ಮಾಡಿಸಿ. 4.8ರ ಒಳಗಿದ್ದರೆ ಡೋಸ್ 20ಕ್ಕೆ ಏರಿಸಬಹುದು. 5.5 ದಾಟಿದರೆ ಮಾತ್ರೆ ನಿಲ್ಲಿಸಿ, ಇಳಿದ ಮೇಲೆ ಮತ್ತೆ ಶುರು ಮಾಡುವುದು. ಕ್ರಿಯಾಟಿನಿನ್ ಸ್ವಲ್ಪ ಏರಿದರೆ ಹೆದರಬೇಡಿ, ಒಳಗಿನ ಒತ್ತಡ ಇಳಿದಾಗ ಹಾಗಾಗುತ್ತದೆ. 30 ಪರ್ಸೆಂಟಿಗಿಂತ ಜಾಸ್ತಿ ಏರಿದರೆ ಮಾತ್ರ ಕಾರಣ ಹುಡುಕಬೇಕು.

ಪೊಟ್ಯಾಷಿಯಂ ಸುಳ್ಳು ಹೇಳುವುದೂ ಉಂಟು. ಲ್ಯಾಬಿನ ಹುಡುಗ ಬೆಳಿಗ್ಗೆ ಆರಕ್ಕೆ ಮನೆಗೆ ಬಂದು ರಕ್ತ ತೆಗೆಯುತ್ತಾನೆ. ಇನ್ನೂ ಆರು ಮನೆ ಮುಗಿಸಿ, ಬ್ಯಾಗು ಬೆನ್ನಿಗೇರಿಸಿ, ಲೋಕಲ್‌ನಲ್ಲಿ ನೂಕುನುಗ್ಗಲಿನಲ್ಲಿ ಹೋಗಿ ಲ್ಯಾಬ್ ಮುಟ್ಟುವಾಗ ಹತ್ತು ಗಂಟೆ. ಅಷ್ಟರಲ್ಲಿ ಕೆಂಪು ಕಣಗಳು ಒಡೆದು ಒಳಗಿನ ಪೊಟ್ಯಾಷಿಯಂ ಹೊರಗೆ ಸೋರಿರುತ್ತದೆ. ರಿಪೋರ್ಟಿನಲ್ಲಿ 5.8 ಕಂಡು ಮನೆಮಂದಿಯ ಎದೆ ಧಸಕ್ ಅನ್ನುತ್ತದೆ. ಲ್ಯಾಬಿಗೇ ಹೋಗಿ ಕೊಟ್ಟರೆ 4.7. ರಿಪೋರ್ಟಿನ ಮೂಲೆಯಲ್ಲಿ "ಹೀಮೊಲೈಸ್ಡ್" ಅಂತ, ಅಂದರೆ ಕಣಗಳು ಒಡೆದಿವೆ ಅಂತ, ಬರೆದಿದೆಯಾ ನೋಡಿ. ಪೊಟ್ಯಾಷಿಯಂ ಪರೀಕ್ಷೆಗೆ ಯಜಮಾನರೇ ಲ್ಯಾಬಿಗೆ ಹೋಗುವುದು ಒಳ್ಳೆಯದು. ಹಾಗಂತ ಜಾಸ್ತಿ ಬಂದ ಅಂಕಿಯನ್ನು ನೀವೇ ಸುಳ್ಳು ಅಂತ ತೀರ್ಮಾನ ಮಾಡಬೇಡಿ. ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ, ಮತ್ತೆ ಮಾಡಿಸಿ.

ನಾದಿನಿಯವರ ಪ್ರೀತಿ ದೊಡ್ಡದು, ಆದರೆ ದಿನಾ ಎಳನೀರು ಬೇಡ. ಒಂದು ಎಳನೀರಿನಲ್ಲಿ ಬಾಳೆಹಣ್ಣಿಗಿಂತ ಜಾಸ್ತಿ ಪೊಟ್ಯಾಷಿಯಂ ಇರುತ್ತದೆ. ಅದು ಕಿಡ್ನಿಯನ್ನು ತೊಳೆಯುವುದೂ ಇಲ್ಲ. ಊರಿಗೆ ಹೋದಾಗ ಒಂದು ಕುಡಿದರೆ ಆಕಾಶ ಬೀಳುವುದಿಲ್ಲ, ಪೊಟ್ಯಾಷಿಯಂ 4.6 ಇದ್ದಾಗ ಅಷ್ಟು ಕಟ್ಟುನಿಟ್ಟು ನಾನು ಮಾಡುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪು. ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಷಿಯಂ ಕ್ಲೋರೈಡ್ ಹಾಕಿರುತ್ತಾರೆ. ಬೇರೆಯವರಿಗೆ ಒಳ್ಳೆಯದಾದದ್ದು ಈ ಮಾತ್ರೆ ತಿನ್ನುವವರಿಗೆ ಕೆಟ್ಟದ್ದು. ಸೊಂಟ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಸ್ವಂತಕ್ಕೆ ತಿನ್ನಬಾರದು, ಬೇಕಾದರೆ ಪ್ಯಾರಾಸಿಟಮಾಲ್. ಮಳೆಗಾಲದಲ್ಲಿ ವಾಂತಿ-ಭೇದಿ ಜೋರಾದರೆ ಟೆಲ್ಮಿಸಾರ್ಟನ್ ಮತ್ತು ಫಿನೆರೆನೋನ್ ಆ ದಿನ ತಿನ್ನಬೇಕೋ ಬೇಡವೋ ಅಂತ ಡಾಕ್ಟರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ನಾವು ಊಟ-ನೀರು ಸರಿಯಾಗುವವರೆಗೆ ನಿಲ್ಲಿಸಿ ಅನ್ನುತ್ತೇವೆ.

ಬಿದ್ದ ಕಲೆ ಹೋಗುತ್ತದಾ? ಹೆಚ್ಚಾಗಿ ಇಲ್ಲ. ಹೊಸದು ಬೀಳುವುದನ್ನು ನಿಧಾನ ಮಾಡಬಹುದು. ಆದರೆ ಪೂರ್ತಿ ಕೈಚೆಲ್ಲಬೇಕಾಗಿಲ್ಲ. 1998ರಲ್ಲಿ ಅಮೆರಿಕದ ಮಿನ್ನೆಸೋಟದಿಂದ ಒಂದು ವರದಿ ಬಂತು. ಮೇದೋಜ್ಜೀರಕ ಗ್ರಂಥಿ ಕಸಿ ಆಗಿ ಶುಗರ್ ಪೂರ್ತಿ ಸರಿಯಾದ ಎಂಟು ಜನ. ಐದು ವರ್ಷಕ್ಕೆ ಕಿಡ್ನಿ ಬಯಾಪ್ಸಿ ಮಾಡಿದರೆ ಏನೂ ಸುಧಾರಣೆ ಇಲ್ಲ. ಹತ್ತನೇ ವರ್ಷಕ್ಕೆ ಮತ್ತೆ ಮಾಡಿದರೆ ಸೋಸುವ ಭಾಗದಲ್ಲಿ ದಪ್ಪಗೆ ಕಟ್ಟಿದ್ದು ಕರಗಿತ್ತು. ದೇಹಕ್ಕೆ ರಿಪೇರಿ ಗೊತ್ತು, ಅದರ ಗಡಿಯಾರ ಮಾತ್ರ ಬಹಳ ನಿಧಾನ. ಇನ್ನೊಂದು ಕೇಳುತ್ತೇನೆ. ಯಜಮಾನರ ಚೀಟಿಯಲ್ಲಿ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್, ಅಂದರೆ ಕಿಡ್ನಿಯನ್ನೂ ಕಾಯುವ ಶುಗರ್ ಮಾತ್ರೆ, ಇದೆಯಾ? ನೀವು ಬರೆದಿಲ್ಲ. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ. 2025ರ ಒಂದು ಅಧ್ಯಯನದಲ್ಲಿ ಫಿನೆರೆನೋನ್ ಮತ್ತು ಎಂಪಾಗ್ಲಿಫ್ಲೋಜಿನ್ ಒಟ್ಟಿಗೆ ಕೊಟ್ಟಾಗ ಆರು ತಿಂಗಳಲ್ಲಿ ಮೂತ್ರದ ಪ್ರೋಟೀನ್ ಅರ್ಧಕ್ಕಿಂತ ಕೆಳಗೆ ಇಳಿಯಿತು. ಒಂದೊಂದೇ ಕೊಟ್ಟಾಗ ಅಷ್ಟು ಇಳಿಯಲಿಲ್ಲ. ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ ನಮ್ಮಲ್ಲಿ 2025ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಬೆಲೆಯೂ ಬಹಳ ಇಳಿದಿದೆ. ಮೂರು ತಿಂಗಳಿಗೆ ಎಸಿಆರ್ ಮತ್ತೆ ಮಾಡಿಸಿ. 420 ಇದ್ದದ್ದು 300ರ ಒಳಗೆ ಬಂದರೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ ಲೆಕ್ಕ.

ಮಗನ ವಿಷಯ ನೀವು ಕೊನೆಗೆ ಬರೆದಿದ್ದೀರಿ. ನನಗೆ ಹೆಚ್ಚು ತಲೆಕೆಡಿಸಿದ್ದು ಅದೇ. 31 ವರ್ಷ, ಬಿಪಿ 150/96, ಪೊಟ್ಯಾಷಿಯಂ ಕಡಿಮೆ, ಬರೀ 3.2. ನೀರಿನ ಮಾತ್ರೆ, ಅಂದರೆ ಮೂತ್ರ ಜಾಸ್ತಿ ಮಾಡುವ ಮಾತ್ರೆ ತಿನ್ನುತ್ತಿಲ್ಲ, ಭೇದಿ ಇಲ್ಲ, ಜ್ಯೇಷ್ಠಮಧು ಅಭ್ಯಾಸ ಇಲ್ಲ ಅಂದರೆ, ಅಡ್ರಿನಲ್ ಗ್ರಂಥಿ ತಾನಾಗಿಯೇ ಆಲ್ಡೋಸ್ಟೆರಾನ್ ಸುರಿಯುತ್ತಿದೆಯಾ ಅಂತ ನೋಡಲೇಬೇಕು. 1955ರಲ್ಲಿ ಮಿಚಿಗನ್‌ನ ಜೆರೋಮ್ ಕಾನ್ ಮೊದಲು ವಿವರಿಸಿದ ರೋಗ ಇದು. ಅವರ ರೋಗಿ 34 ವರ್ಷದ ಹೆಂಗಸು. ಗ್ರಂಥಿಯ ಗಂಟು ತೆಗೆದ ಮೇಲೆ ಆಕೆ ಚೇತರಿಸಿಕೊಂಡರು. ಇದು ಅಪರೂಪ ಅಂತ ನಮಗೆ ಕಾಲೇಜಿನಲ್ಲಿ ಕಲಿಸಿದ್ದರು, ಹಾಗೇನಿಲ್ಲ. 2025ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಬಿಪಿ ಇರುವ ಎಲ್ಲರಿಗೂ ಒಮ್ಮೆ ಈ ಪರೀಕ್ಷೆ ಮಾಡಿಸಿ ಅನ್ನುತ್ತದೆ. ಅಷ್ಟೇ ಬಿಪಿ ಇರುವ ಬೇರೆಯವರಿಗಿಂತ ಈ ರೋಗದವರಲ್ಲಿ ಹೃದಯ, ಕಿಡ್ನಿ, ಮೆದುಳಿಗೆ ಪೆಟ್ಟು ಜಾಸ್ತಿ, ಇಲಿಗಳಲ್ಲಿ ಕಂಡದ್ದೇ ಇಲ್ಲೂ ಕಾಣುತ್ತದೆ. ಅಪ್ಪನದ್ದು ಶುಗರ್‌ನಿಂದ ಬಂದದ್ದು, ಇವನದ್ದು ಪೂರ್ತಿ ಬೇರೆ ಕಾರಣ ಇರಬಹುದು. ಒಂದೇ ಕಡೆಯ ಗಂಟಾದರೆ ಆಪರೇಷನ್ನಿನಿಂದ ಗುಣವಾಗಲೂಬಹುದು.

ಪರೀಕ್ಷೆ ರಕ್ತದ್ದೇ: ಆಲ್ಡೋಸ್ಟೆರಾನ್ ಮತ್ತು ರೆನಿನ್ ಎರಡೂ ಒಟ್ಟಿಗೆ, ಬೆಳಿಗ್ಗೆ ಎದ್ದು ಎರಡು ಗಂಟೆ ಓಡಾಡಿದ ಮೇಲೆ. ಮೊದಲು ಪೊಟ್ಯಾಷಿಯಂ ಸರಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಆಲ್ಡೋಸ್ಟೆರಾನ್ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಅವನು ತಿನ್ನುವ ಬಿಪಿ ಮಾತ್ರೆಗಳ ಹೆಸರು ಬರೆದು ಹಾರ್ಮೋನ್ ಡಾಕ್ಟರು, ಅಂದರೆ ಎಂಡೋಕ್ರೈನಾಲಜಿಸ್ಟ್‌ಗೆ ತೋರಿಸಲಿ, ಕೆಲವನ್ನು ಪರೀಕ್ಷೆಗೆ ಮೊದಲು ಬದಲಾಯಿಸಬೇಕಾಗುತ್ತದೆ. ಆ 3.2ನ್ನು ಈ ವಾರವೇ ಯಾರಾದರೂ ಡಾಕ್ಟರು ನೋಡಲಿ. ಕಾಲಿನಲ್ಲಿ ಶಕ್ತಿ ಇಲ್ಲದ ಹಾಗೆ ಆಗುವುದು, ಎದೆಬಡಿತ ಏರುಪೇರು ಏನಾದರೂ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು.